ಸ್ಟಾಕ್ ಮೇಲೆ ಮೊದಲ ಗೆರೆ ಎಳೆಯುವ ಮುಂಚೆ

ಪ್ರಶ್ನೆ: ಮರಗೆಲಸ ನನ್ನ ಹವ್ಯಾಸ. ಪೆಟ್ಟಿಗೆ, ಕುರ್ಚಿ, ಅಲ್ಪಸ್ವಲ್ಪ ಕೆತ್ತನೆ ಬರುತ್ತದೆ. ಈಗ ಗೆಳೆಯರೊಬ್ಬರ ರೈಫಲ್‌ಗೆ ಅಕ್ರೋಟ್ ಮರದಲ್ಲಿ ಸ್ಟಾಕ್, ಅಂದರೆ ನಳಿಗೆಯನ್ನು ಹೊರುವ ಮರದ ಮೈ, ಮಾಡುತ್ತಿದ್ದೇನೆ. ನಳಿಗೆ ಕೂರುವ ಕಾಲುವೆ ತೆಗೆದಾಗಿದೆ, ಆಕಾರವೂ ಬಹುತೇಕ ಮುಗಿದಿದೆ. ಹಿಡಿಯ ಮೇಲೆ ಇಂಚಿಗೆ 32 ಗೆರೆಯ ಚೆಕರಿಂಗ್ (ಒಂದನ್ನೊಂದು ಹಾಯುವ ಸಣ್ಣ ಗೆರೆಗಳ ಕೊರೆತ), ಬಟ್ (ಭುಜಕ್ಕೆ ಒರಗುವ ಹಿಂಭಾಗ) ಮೇಲೆ ಎಲೆ-ಬಳ್ಳಿ ಕೆತ್ತನೆ, ಸುತ್ತ ಬೆಳ್ಳಿ ತಂತಿ, ಮುಂದಿನ ತುದಿಗೆ ಕರಿಮರ (ಎಬೊನಿ) ಹಾಕುವ ಆಸೆ. ಇಷ್ಟನ್ನೂ ಒಂದರಲ್ಲೇ ಮಾಡಬಹುದೇ? ಯಾವುದು ಮೊದಲು?

ಉತ್ತರ: ಮಾಡಬಹುದು. ಆದರೆ ಎಲ್ಲವನ್ನೂ ಒಂದೇ ಸ್ಟಾಕ್ ಮೇಲೆ ಹೇರಬೇಡಿ, ಅದೂ ನಿಮ್ಮ ಮೊದಲನೆಯದರ ಮೇಲೆ. ನೀವು ಬರೆದಿರುವುದು ನಾಲ್ಕು ಕೆಲಸ, ನಾಲ್ಕಕ್ಕೂ ಬೇರೆ ಬೇರೆ ಕೈ ಬೇಕು. ನಾನಾಗಿದ್ದರೆ ಇದಕ್ಕೆ ಚೆಕರಿಂಗ್ ಒಂದನ್ನೇ ಇಟ್ಟುಕೊಳ್ಳುತ್ತಿದ್ದೆ. 32 ಗೆರೆ ಬೇಡ, 20 ಸಾಕು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಆಕಾರದ ವಿಷಯ. "ಬಹುತೇಕ ಮುಗಿದಿದೆ" ಅಂದಿರಲ್ಲ, ನನಗೆ ಅಲ್ಲೇ ಅನುಮಾನ. ರಾತ್ರಿ ಕೋಣೆಯ ದೀಪ ಆರಿಸಿ, ಒಂದು ಟಾರ್ಚನ್ನು ಸ್ಟಾಕ್‌ಗೆ ತಾಗಿದ ಹಾಗೆ ಅಡ್ಡಲಾಗಿ ಹಿಡಿದು ನೋಡಿ. ಹಗಲಲ್ಲಿ ನುಣ್ಣಗೆ ಕಂಡ ಮರದ ಮೇಲೆ ಉಬ್ಬು ತಗ್ಗು ಎಲ್ಲ ನೆರಳಾಗಿ ಏಳುತ್ತವೆ. ಹಿಡಿಯಿಂದ ಬಟ್‌ನ ಕೆಳಮೂಲೆವರೆಗೆ ಹೋಗುವ ಕೆಳ ಅಂಚಿಗೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿ. ಅದು ನೆಟ್ಟಗೆ ಇರಬೇಕು. ಹೆಚ್ಚಿನ ಹೊಸಬರದ್ದು ಮಧ್ಯದಲ್ಲಿ ಹೊಟ್ಟೆ ಬಿಟ್ಟಿರುತ್ತದೆ. ಆಮೇಲೆ ಕೆನ್ನೆ ಒರಗುವ ಮೇಲಂಚು, ಅಂದರೆ ಕೋಂಬ್, ಅದರ ಮೂಗಿನ ಎರಡೂ ಬದಿಯ ತೋಡು ಒಂದೇ ಆಳ ಇದೆಯಾ, ಎಡ ಬಲ ಒಂದೇ ಥರ ಇದೆಯಾ ನೋಡಿ. ಕಣ್ಣಿಗಿಂತ ಬೆರಳು ಚೆನ್ನಾಗಿ ಹೇಳುತ್ತದೆ. ಕಣ್ಣು ಮುಚ್ಚಿಕೊಂಡು ಎರಡೂ ಕೈಯಲ್ಲಿ ಒಟ್ಟಿಗೆ ಸವರಿ.

ಅಲಂಕಾರ ಮಾಡಿದರೆ ಆಕಾರದ ತಪ್ಪು ಮುಚ್ಚಿಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಉಲ್ಟಾ. ಉಬ್ಬಿದ ಜಾಗದ ಮೇಲೆ ಗೆರೆ ಎಳೆದರೆ ಗೆರೆ ಬಾಗುತ್ತದೆ, ಬಾಗಿದ ಗೆರೆ ಆ ಉಬ್ಬನ್ನು ಬೆರಳು ಮಾಡಿ ತೋರಿಸುತ್ತದೆ. ಹಿಡಿ ದಪ್ಪ ಇದ್ದರೆ ಅದರ ಮೇಲಿನ ಚೆಕರಿಂಗ್ ಅದನ್ನು ಇನ್ನೂ ದಪ್ಪ ಕಾಣಿಸುತ್ತದೆ. ಆದ್ದರಿಂದ ಗೆರೆಯ ಉಳಿ ಕೈಗೆ ತೆಗೆದುಕೊಳ್ಳುವ ಮೊದಲು ಒಂದು ವಾರ ಅರ ಮತ್ತು ಉಪ್ಪುಕಾಗದದ ಜೊತೆ ಕಳೆದರೆ ನಷ್ಟ ಇಲ್ಲ.

ಇನ್ನು ಮರ. ನಿಮ್ಮದು ಯಾವ ಅಕ್ರೋಟ್ ಅಂತ ಬರೆದಿಲ್ಲ. ಇಂಗ್ಲಿಷ್, ಫ್ರೆಂಚ್, ಟರ್ಕಿಶ್, ಸರ್ಕೇಸಿಯನ್ ಅಂತ ಏನೇ ಹೆಸರು ಹೇಳಿ ಮಾರಲಿ, ಅವೆಲ್ಲ ಒಂದೇ ಜಾತಿ, ಜುಗ್ಲಾನ್ಸ್ ರೀಜಿಯಾ. ಹೆಸರು ಬೆಳೆದ ಊರಿನದ್ದು ಅಷ್ಟೇ. ಇದರ ರಂಧ್ರ ಸಣ್ಣ, ಮೈ ಬಿಗಿ, ಹಾಗಾಗಿ ಸಣ್ಣ ಗೆರೆಯನ್ನೂ ತಡೆದುಕೊಳ್ಳುತ್ತದೆ. ಅಮೆರಿಕದ ಕಪ್ಪು ಅಕ್ರೋಟ್, ಜುಗ್ಲಾನ್ಸ್ ನೈಗ್ರಾ, ಸ್ವಲ್ಪ ಒರಟು. ಅದರಲ್ಲಿ 18ರಿಂದ 22 ಗೆರೆ ಹಾಯಾಗಿ ಬರುತ್ತದೆ, ಅದಕ್ಕಿಂತ ಸಣ್ಣದಕ್ಕೆ ಹೋದರೆ ಹರಳುಗಳು, ಅಂದರೆ ಗೆರೆಗಳು ಹಾಯ್ದಾಗ ನಡುವೆ ಉಳಿಯುವ ವಜ್ರಾಕಾರದ ಮೊನೆಗಳು, ಉದುರುತ್ತವೆ. ಕ್ಯಾಲಿಫೋರ್ನಿಯಾದ ಕ್ಲಾರೋ ಬಣ್ಣದಲ್ಲಿ ರಾಜ, ಆದರೆ ಎಷ್ಟೋ ಸಲ ಮೃದು. ಕ್ಲಾರೋ ಮತ್ತು ಇಂಗ್ಲಿಷ್ ಬೆರೆತು ಹುಟ್ಟಿದ ಬ್ಯಾಸ್ಟೋನ್ ಅಂತ ಒಂದಿದೆ, ಅದು ಗಟ್ಟಿ, ಭಾರ, ಕುಸುರಿಗೆ ಹೇಳಿ ಮಾಡಿಸಿದ್ದು.

ಜಾತಿಗಿಂತ ನಿಮ್ಮ ಕೈಯಲ್ಲಿರುವ ತುಂಡು ಮುಖ್ಯ. ಒಂದೇ ಮರದ ಎರಡು ಹಲಗೆ ಎರಡು ಥರ ಇರುತ್ತದೆ. ಸ್ಟಾಕ್ ಕೊರೆದಾಗ ಉಳಿದ ತುಂಡು ಎಸೆದಿಲ್ಲ ತಾನೆ? ಅದರ ಮೇಲೆ ಹತ್ತು ಗೆರೆ ಆ ಕಡೆ, ಹತ್ತು ಗೆರೆ ಈ ಕಡೆ ಎಳೆದು ನೋಡಿ. ಹರಳಿನ ತುದಿ ಚೂಪಾಗಿ ನಿಂತರೆ ಸರಿ. ಹಿಟ್ಟಿನ ಹಾಗೆ ಉದುರಿದರೆ ಗೆರೆ ದಪ್ಪ ಮಾಡಿ. ಮರದಲ್ಲಿ ಅಲೆ ಅಲೆಯಾಗಿ ಮಿನುಗುವ ಫಿಡಲ್‌ಬ್ಯಾಕ್ ಇದ್ದರೆ ಇನ್ನೂ ಹುಷಾರು. ಕಣ್ಣಿಗೆ ಅದು ಹಬ್ಬ, ಆದರೆ ಅಲ್ಲಿ ಎಳೆ ಮೇಲೆ ಕೆಳಗೆ ಹೋಗುತ್ತಿರುವುದರಿಂದ ಉಳಿ ಒಂದು ಕಡೆ ಬೆಣ್ಣೆ ಕೊಯ್ದ ಹಾಗೆ ಹೋಗಿ ಅರ್ಧ ಸೆಂಟಿಮೀಟರ್ ಆಚೆ ಎಳೆ ಕಿತ್ತುಕೊಂಡು ಬರುತ್ತದೆ.

ಹಾಗೇ ಹಿಡಿಯ ಸಣ್ಣ ಭಾಗ, ನಾನು ಅದನ್ನು ಮಣಿಕಟ್ಟು ಅನ್ನುತ್ತೇನೆ, ಅಲ್ಲಿ ಎಳೆ ಉದ್ದಕ್ಕೆ ಸಾಗಿರಬೇಕು. ಗುಂಡು ಹಾರಿದಾಗ ಪೆಟ್ಟು ಬೀಳುವುದು, ಸ್ಟಾಕ್ ಮುರಿಯುವುದು ಅಲ್ಲೇ. ಚಂದದ ಚಿತ್ತಾರ ಎಲ್ಲ ಬಟ್‌ನಲ್ಲಿ ಇರಲಿ. ಕೊಂಬೆ ಕವಲೊಡೆದಲ್ಲಿನ ಚಿತ್ತಾರ ಮಣಿಕಟ್ಟಿಗೆ ಬಂದಿದ್ದರೆ ಅಲ್ಲಿ ಕೆತ್ತನೆಯ ಮಾತು ಹಾಗಿರಲಿ, ಆಳದ ಚೆಕರಿಂಗ್ ಮಾಡುವುದಕ್ಕೂ ನನಗೆ ಧೈರ್ಯ ಬರುವುದಿಲ್ಲ.

ಕರಿಮರದ ತುದಿ: ಇದಕ್ಕೆ ನೀವು ತಡ ಮಾಡಿದ್ದೀರಿ. ಅದನ್ನು ಹಲಗೆ ಇನ್ನೂ ಹಲಗೆಯಾಗಿದ್ದಾಗಲೇ ಅಂಟಿಸಬೇಕು. ಮುಂದಿನ ತುದಿಯನ್ನು ಸರಿಯಾಗಿ ಅಡ್ಡ ಕೊಯ್ದು, ಕರಿಮರದ ತುಂಡನ್ನು ಒಳಗೆ ಮರದ ಗೂಟ ಕೊಟ್ಟು ಅಂಟಿಸಿ, ಆಮೇಲೆ ನಳಿಗೆಯ ಕಾಲುವೆಯನ್ನು ಎರಡರಲ್ಲೂ ಒಟ್ಟಿಗೆ ತೆಗೆದು, ಹೊರಗಿನ ಆಕಾರವನ್ನೂ ಒಟ್ಟಿಗೆ ಕೊಡಬೇಕು. ಹಾಗೆ ಮಾಡಿದರೆ ಜೋಡಣೆಯ ಗೆರೆ ಕೂದಲೆಳೆಯಷ್ಟೇ ಕಾಣುತ್ತದೆ. ಈಗ ಮಾಡಲೇಬೇಕು ಅಂದರೆ ಮುಂದೆ ಎರಡು ಇಂಚು ಕೊಯ್ದು ಹಾಕಿ, ದೊಡ್ಡ ತುಂಡು ಅಂಟಿಸಿ, ಅದನ್ನು ಈಗಿರುವ ಆಕಾರಕ್ಕೆ ಇಳಿಸಬೇಕು. ಆ ಇಳಿಸುವಾಗ ಅಕ್ರೋಟನ್ನೂ ಸವರಲೇಬೇಕಾಗುತ್ತದೆ, ಯಾಕಂದರೆ ಕರಿಮರ ಗಟ್ಟಿ, ಅಕ್ರೋಟ್ ಮೆದು, ಉಪ್ಪುಕಾಗದ ಮೆದುವಾದದ್ದನ್ನೇ ಮೊದಲು ತಿನ್ನುತ್ತದೆ. ಕಾಗದದ ಕೆಳಗೆ ಗಟ್ಟಿ ಪಟ್ಟಿ ಇಟ್ಟುಕೊಳ್ಳದಿದ್ದರೆ ಸೇರುವ ಜಾಗದಲ್ಲಿ ಒಂದು ಮೆಟ್ಟಿಲೇ ಆಗುತ್ತದೆ. ನಿಮ್ಮ ಆಕಾರದಲ್ಲಿ ಇನ್ನೂ ಎರಡು ಮಿಲಿಮೀಟರ್ ಮರ ಜಾಸ್ತಿ ಇದ್ದರೆ ಮಾಡಿ, ಇಲ್ಲದಿದ್ದರೆ ಮುಂದಿನ ಸ್ಟಾಕ್‌ಗೆ ಇರಲಿ. ಕರಿಮರದಲ್ಲಿ ಎಣ್ಣೆ ಅಂಶ ಇರುತ್ತದೆ, ಅಂಟಿಸುವ ಮುಂಚೆ ಅಸಿಟೋನ್‌ನಲ್ಲಿ ಒರೆಸಿ. ಅದರ ಪುಡಿ ಮೂಗು, ಚರ್ಮ ಎರಡಕ್ಕೂ ಆಗದು, ಮಾಸ್ಕ್ ಇಲ್ಲದೆ ಉಜ್ಜಬೇಡಿ. ಇನ್ನೊಂದು ಮಾತು, ಕರಿಮರ ಸರಿಯಾಗಿ ಒಣಗಿರದಿದ್ದರೆ ಎರಡು ವರ್ಷ ಆದ ಮೇಲೂ ಸೀಳುತ್ತದೆ. ಹಳಬರು ಎಮ್ಮೆ ಕೊಂಬು ಹಾಕುತ್ತಿದ್ದದ್ದು ಸುಮ್ನೆ ಅಲ್ಲ.

ತುದಿ ಮತ್ತು ಸ್ಟಾಕ್ ನಡುವೆ ಬಿಳಿ ಪ್ಲಾಸ್ಟಿಕ್ ಪಟ್ಟಿ ಹಾಕುತ್ತೀರಾ ಅಂತ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಬೇಡ. ಅದು 1950-60ರ ದಶಕದ ಫ್ಯಾಷನ್. 1945ರಲ್ಲಿ ರಾಯ್ ವೆದರ್‌ಬಿ ಶುರುಮಾಡಿದ ಕಂಪನಿಯ ರೈಫಲ್‌ಗಳಿಂದ ಅದು ಎಲ್ಲೆಡೆ ಹರಡಿತು. ಕನ್ನಡಿಯಂಥ ಹೊಳಪು, ಏರಿದ ಕೋಂಬ್, ಬಿಳಿ ಗೆರೆ, ಬೇರೆ ಮರದ ವಜ್ರಾಕಾರದ ತುಂಡುಗಳು. ಅದನ್ನು ಇಷ್ಟಪಡುವವರು ಈಗಲೂ ಇದ್ದಾರೆ, ಅವರ ಜೊತೆ ಜಗಳ ಇಲ್ಲ. ನನಗೆ ಅದಕ್ಕೂ ಹಿಂದಿನ ದಾರಿ ಹಿಡಿಸುತ್ತದೆ. ಅಂದ ಹಾಗೆ ನೀವು ಮರಗೆಲಸದಿಂದ ಇಲ್ಲಿಗೆ ಬಂದವರು ಅಂತ ಹಿಂಜರಿಯಬೇಕಾಗಿಲ್ಲ. ನ್ಯೂಯಾರ್ಕ್‌ನಲ್ಲಿ 1923ರಲ್ಲಿ ಶುರುವಾದ ಗ್ರಿಫಿನ್ ಅಂಡ್ ಹೋವ್ ಬಂದೂಕು ಕಂಪನಿಯ ಸೀಮೋರ್ ಗ್ರಿಫಿನ್ ಮೂಲತಃ ಬೀರು-ಮೇಜು ಮಾಡುತ್ತಿದ್ದವರೇ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಸೇನಾ ರೈಫಲ್‌ಗಳಿಗೆ ಹೊಸ ಸ್ಟಾಕ್ ಮಾಡುತ್ತಾ ಹೆಸರು ಮಾಡಿದರು.

ಈಗ ಕ್ರಮ. ಆಕಾರ ಮುಗಿಸಿ, ಲೋಹದ ಭಾಗ ಕೂರಿಸಿ, ಅಗಸೆ ಎಣ್ಣೆಯ ಪಾಲಿಶ್ ಪೂರ್ತಿ ಮುಗಿಸಿ, ಆಮೇಲೆ ಚೆಕರಿಂಗ್. ಇದನ್ನು ಕೇಳಿ ತುಂಬಾ ಜನ ಹುಬ್ಬೇರಿಸುತ್ತಾರೆ, ಕೆತ್ತಿದ ಮೇಲೆ ತಾನೇ ಪಾಲಿಶ್ ಅಂತ. ಪಾಲಿಶ್ ಆಮೇಲೆ ಹಾಕಿದರೆ ಎಣ್ಣೆ ಗೆರೆಗಳ ತಳದಲ್ಲಿ ನಿಂತು ಗಟ್ಟಿಯಾಗಿ ಹರಳೆಲ್ಲ ಮೊಂಡಾಗುತ್ತದೆ. ಅಲ್ಲದೆ ರಂಧ್ರ ತುಂಬಿ ಗಟ್ಟಿಯಾದ ಮೈಯಲ್ಲಿ ಗೆರೆಯ ಅಂಚು ಚೊಕ್ಕ ಬರುತ್ತದೆ.

ಪಾಲಿಶ್ ಬಗ್ಗೆ ಎರಡೇ ಮಾತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎದ್ದ ಮೀಸೆಯಂಥ ಎಳೆಗಳನ್ನು ತೆಗೆಯಿರಿ. ಏಳುವುದು ನಿಲ್ಲುವವರೆಗೂ ಮಾಡಿ. ಆಮೇಲೆ 320 ಅಥವಾ 400ರ ಕಾಗದದಲ್ಲಿ ಎಣ್ಣೆಯ ಜೊತೆಗೇ ಉಜ್ಜಿದರೆ ಮರದ ಪುಡಿ ಎಣ್ಣೆಯಲ್ಲಿ ಕೆಸರಾಗಿ ರಂಧ್ರ ತುಂಬುತ್ತದೆ. ಒಣಗಲು ಬಿಡಿ, ಮತ್ತೆ ಉಜ್ಜಿ. ಹತ್ತು ಸಲ ಆಗಬಹುದು, ಇಪ್ಪತ್ತು ಆಗಬಹುದು. ಇದಕ್ಕೆ ತಾಳ್ಮೆ ಬಿಟ್ಟು ಬೇರೆ ವಿದ್ಯೆ ಬೇಕಿಲ್ಲ.

ಚೆಕರಿಂಗ್‌ಗೆ ಬರೋಣ.

ಅದು ಶುರುವಾದದ್ದು ಅಂದಕ್ಕಲ್ಲ, ಹಿಡಿತಕ್ಕೆ. ಒದ್ದೆ ಕೈಗೆ, ಬೆವರಿದ ಕೈಗೆ, ಗವಸು ಹಾಕಿದ ಕೈಗೆ ಮರ ಜಾರಬಾರದು. ಇದನ್ನು ಮರೆಯದಿದ್ದರೆ ಅರ್ಧ ತೀರ್ಮಾನ ತಾನಾಗೇ ಆಗುತ್ತದೆ. ಚೆಕರಿಂಗ್ ಎಲ್ಲಿ ಬೇಕು? ಕೈ ಇರುವಲ್ಲಿ. ಹಿಡಿಯ ಎರಡೂ ಬದಿ, ಮುಂದೆ ಎಡಗೈ ಹಿಡಿಯುವ ಜಾಗ, ಅಷ್ಟೇ. ಗೆರೆ ಎಷ್ಟು ಸಣ್ಣ ಇರಬೇಕು? ಇಂಚಿಗೆ 20 ಗೆರೆ ಅಂದರೆ ಗೆರೆಯಿಂದ ಗೆರೆಗೆ 1.27 ಮಿಲಿಮೀಟರ್. 32 ಅಂದರೆ 0.8 ಮಿಲಿಮೀಟರ್. 32ರದ್ದು ಮುಟ್ಟಿದರೆ ಒರಟು ಬಟ್ಟೆ ಮುಟ್ಟಿದ ಹಾಗಿರುತ್ತದೆ, ಹಿಡಿತ ಅಷ್ಟಕ್ಕಷ್ಟೇ. ಅದು ಮಾಡಿದವನ ಕೈಚಳಕ ತೋರಿಸಲು ಇರುವಂಥದ್ದು. ತೋರಿಸಬಾರದು ಅಂತಲ್ಲ, ಆದರೆ ಮೊದಲ ಸ್ಟಾಕ್‌ನಲ್ಲಿ ಏನನ್ನು ತೋರಿಸುತ್ತೀರಿ? ಲೆಕ್ಕ ಹಾಕಿ: ಹರಳಿನ ಉದ್ದ ಅಗಲಕ್ಕಿಂತ ಮೂರು ಪಟ್ಟು ಇದ್ದರೆ, 20 ಗೆರೆಯಲ್ಲಿ ಒಂದು ಚದರ ಇಂಚಿಗೆ ಸುಮಾರು 240 ಹರಳು ಬೀಳುತ್ತವೆ. 32ರಲ್ಲಿ 600 ದಾಟುತ್ತದೆ. ಪ್ರತಿಯೊಂದಕ್ಕೂ ನಾಲ್ಕು ಇಳಿಜಾರು, ಪ್ರತಿ ಇಳಿಜಾರನ್ನೂ ಮೂರು ನಾಲ್ಕು ಸಲ ಕೊಯ್ಯಬೇಕು.

ಮೂರು ಪಟ್ಟು ಅಂದೆನಲ್ಲ, ಅದೇ ಚೆಕರಿಂಗ್‌ನ ಗುಟ್ಟು. ಎರಡು ದಿಕ್ಕಿನ ಗೆರೆಗಳು ಎಷ್ಟು ಕೋನದಲ್ಲಿ ಹಾಯುತ್ತವೆ ಅನ್ನುವುದರ ಮೇಲೆ ಹರಳಿನ ರೂಪ ನಿಂತಿದೆ. ಮೂರಕ್ಕೆ ಒಂದು ಬೇಕಾದರೆ ಕೋನ ಸುಮಾರು 37 ಡಿಗ್ರಿ. ಮೂರೂವರೆಗೆ ಒಂದು ಬೇಕಾದರೆ 32 ಡಿಗ್ರಿ. ಇವೆರಡರ ನಡುವೆ ಎಲ್ಲಿದ್ದರೂ ಚಂದ. ಕೋನ ಇನ್ನೂ ಅಗಲವಾದರೆ ಹರಳು ಚೌಕದ ಕಡೆ ಹೋಗಿ ಜಾಲರಿಯ ಹಾಗೆ ಕಾಣುತ್ತದೆ. ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಮೂರು ಇಂಚು ಉದ್ದ, ಒಂದು ಇಂಚು ಅಗಲದ ಒಂದು ವಜ್ರಾಕಾರ ಕತ್ತರಿಸಿಕೊಳ್ಳಿ. ಅದರ ಉದ್ದನೆಯ ಅಕ್ಷವನ್ನು ಹಿಡಿಯ ನಡುಗೆರೆಯ ಮೇಲೆ ಇಟ್ಟು ಎರಡು ಬದಿಗಳ ಗುಂಟ ಬಿಳಿ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಈ ಎರಡು ಗೆರೆಗಳೇ ತಾಯಿಗೆರೆ. ಉಳಿದ ನೂರಾರು ಗೆರೆ ಇವನ್ನು ನೋಡಿಕೊಂಡೇ ಹುಟ್ಟುತ್ತವೆ. ಚುಕ್ಕಿ ತಪ್ಪಿದ ರಂಗೋಲಿ ಗೊತ್ತಲ್ಲ, ಒಂದು ಎಳೆಯಷ್ಟು ಓರೆ ಶುರುವಿನಲ್ಲಿ ಇದ್ದರೆ ಕೊನೆಯಲ್ಲಿ ಅದನ್ನು ಎಲ್ಲಿ ಬಚ್ಚಿಡುವುದೋ ಗೊತ್ತಾಗುವುದಿಲ್ಲ.

ನಕ್ಷೆಯಲ್ಲಿ ಎರಡು ಬಗೆ. ಒಂದು, ಮೂಲೆ ನಕ್ಷೆ. ಇದರ ಅಂಚುಗಳು ಗೆರೆಗಳಿಗೇ ಸಮಾನಾಂತರ, ಹಾಗಾಗಿ ಅಂಚು ಅಂದರೆ ಕೊನೆಯ ಗೆರೆಯೇ. ಇನ್ನೊಂದು, ತುಂಬುವ ನಕ್ಷೆ. ಮೊದಲು ಹೂವೋ ಪಟ್ಟಿಯೋ ಏನೋ ಒಂದು ರೂಪ ಬರೆದು, ಅದರೊಳಗೆ ಗೆರೆ ತುಂಬುವುದು. ಫ್ಲರ್-ದ-ಲಿ ಅನ್ನುವ ಮೂರೆಸಳಿನ ಹೂ ಇದರಲ್ಲಿ ಹೆಸರುವಾಸಿ. ತುಂಬುವ ನಕ್ಷೆಯಲ್ಲಿ ಪ್ರತಿ ಗೆರೆಯೂ ಬಾಗಿದ ಅಂಚಿಗೆ ಬಂದು, ಅಲ್ಲೇ, ಕೂದಲೆಳೆಯಷ್ಟೂ ಆಚೆ ಹೋಗದೆ ನಿಲ್ಲಬೇಕು. ಆಚೆ ಹೋದರೆ ಪಾಲಿಶ್ ಆದ ಮರದ ಮೇಲೆ ಗೀರು. ಅದನ್ನು ಅಳಿಸುವ ರಬ್ಬರ್ ಯಾರ ಹತ್ತಿರವೂ ಇಲ್ಲ. ಹಬೆ ಕೊಟ್ಟರೆ ಒತ್ತು ಬಿದ್ದ ತಗ್ಗು ಏಳುತ್ತದೆ, ಕೊಯ್ದು ಹೋದ ಎಳೆ ಏಳುವುದಿಲ್ಲ.

ನಿಮಗೆ ಮೂಲೆ ನಕ್ಷೆಯೇ ಸರಿ.

ಒಂದು ಸಲ ನಾನು ತುಂಬುವ ನಕ್ಷೆ ಮಾಡುವಾಗ, ಹೂವಿನ ಎಸಳಿನ ತುದಿಯಲ್ಲಿ, ಯಾರೋ ಕರೆದರು ಅಂತ ತಲೆ ಎತ್ತಿದೆ. ಕೈ ನಿಲ್ಲಲಿಲ್ಲ. ಒಂದೂವರೆ ಮಿಲಿಮೀಟರ್ ಆಚೆ. ಅದನ್ನು ಮುಚ್ಚಲು ಸುತ್ತ ಒಂದು ಅಂಚುಗೆರೆ ಹಾಕಿದೆ, ಅದು ಒಂಟಿಯಾಗಿ ಕಂಡಿತು ಅಂತ ಇನ್ನೊಂದು, ಅದು ಎಡ ಬದಿಯಲ್ಲಿ ಮಾತ್ರ ಇತ್ತು ಅಂತ ಬಲಕ್ಕೂ ಎರಡು, ಆಮೇಲೆ ಹಿಡಿಗೆ ಇದ್ದು ಮುಂದಕ್ಕೆ ಇಲ್ಲದಿದ್ದರೆ ಹೇಗೆ ಅಂತ ಅಲ್ಲಿಗೂ. ಸ್ಟಾಕ್ ಮಾಡಿಸಿದವರು ಅಂಚು ತುಂಬಾ ಚೆನ್ನಾಗಿದೆ ಅಂದರು. ನಾನು ಸುಮ್ಮನಿದ್ದೆ. ಅಗಲವಾದ ಅಂಚು ಕಂಡಾಗಲೆಲ್ಲ ಒಳಗೆ ಏನೋ ಮುಚ್ಚಿದ್ದಾರೆ ಅಂತ ನನಗೆ ಅನಿಸುವುದು ಆವತ್ತಿನಿಂದ. ನಿಜವಾದ ಕೈಚಳಕ ಇರುವುದು ಅಂಚುಗೆರೆಯೇ ಇಲ್ಲದ ಚೆಕರಿಂಗ್‌ನಲ್ಲಿ.

ಉಪಕರಣ ಕಡಿಮೆ ಸಾಕು. ಗೆರೆ ಅಂತರ ಇಡುವ ಸ್ಪೇಸರ್: ಅದರಲ್ಲಿ ಎರಡು ಸಾಲು ಹಲ್ಲು, ಒಂದು ಸಾಲು ಈಗಾಗಲೇ ಇರುವ ಗೆರೆಯಲ್ಲಿ ಓಡುತ್ತದೆ, ಇನ್ನೊಂದು ಪಕ್ಕದಲ್ಲಿ ಹೊಸ ಗೆರೆ ಕೊಯ್ಯುತ್ತದೆ. ಆಳ ಮಾಡಲು ಒಂಟಿ ಹಲ್ಲಿನದ್ದು. ಮೂಲೆಗಳಿಗೆ ಗಿಡ್ಡದೊಂದು, ತುದಿ ಬಾಗಿದ ಸಣ್ಣ ಅರ, ಅಂಚಿಗೆ ವಿ ಆಕಾರದ ಉಳಿ. ಹಲ್ಲಿನ ಕೋನ 90 ಡಿಗ್ರಿ ಇದ್ದರೆ ಹರಳು ಗಿಡ್ಡ, ಗಟ್ಟಿ. 60 ಇದ್ದರೆ ಎತ್ತರ, ಚೂಪು, ಆದರೆ ಮೆದು ಮರದಲ್ಲಿ ಬೇಗ ಮುರಿಯುತ್ತದೆ. 20 ಗೆರೆಗೆ 90 ತೆಗೆದುಕೊಳ್ಳಿ. ಇವಕ್ಕಿಂತ ಮುಖ್ಯ ಸ್ಟಾಕನ್ನು ಎರಡೂ ತುದಿಯಲ್ಲಿ ಹಿಡಿದು ಸುತ್ತ ತಿರುಗಿಸಲು ಬರುವ ಕ್ರೇಡಲ್, ನಮ್ಮ ಭಾಷೆಯಲ್ಲಿ ತೊಟ್ಟಿಲು ಅಂದರೂ ನಡೆಯುತ್ತದೆ. ಹಲಗೆ ಮತ್ತು ಎರಡು ಬೋಲ್ಟ್‌ನಲ್ಲಿ ನೀವೇ ಮಾಡಿಕೊಳ್ಳಬಹುದು. ಹೊಸಬರು ಸ್ಟಾಕನ್ನು ಗಟ್ಟಿಯಾಗಿ ಕಟ್ಟಿ ತಾವು ಸುತ್ತ ಬಾಗುತ್ತಾರೆ, ಗೆರೆ ಕೆಡುವುದೇ ಹಾಗೆ. ನೀವು ಅಲುಗಾಡಬಾರದು, ಸ್ಟಾಕ್ ತಿರುಗಬೇಕು. ಬೆಳಕು ಒಂದೇ ಕಡೆಯಿಂದ, ತಗ್ಗಿನಿಂದ ಬೀಳಲಿ. ತಲೆಗೆ ಕಟ್ಟುವ ಭೂತಗನ್ನಡಿ ತೆಗೆದುಕೊಳ್ಳಿ, ವಯಸ್ಸು ಎಷ್ಟೇ ಇರಲಿ.

ತಾಯಿಗೆರೆಯನ್ನು ಮೊದಲು ತೀರಾ ತೆಳ್ಳಗೆ ಕೊಯ್ಯಿರಿ. ಹಿಡಿ ದುಂಡಗೂ ಇದೆ, ಉದ್ದಕ್ಕೆ ಬಾಗಿಯೂ ಇದೆ. ಅದರ ಮೇಲೆ ನೆಟ್ಟಗಿನ ಗೆರೆ ಅಂದರೇನು ಅನ್ನುವುದೇ ಒಂದು ಪ್ರಶ್ನೆ. ಸ್ಟೀಲ್ ಸ್ಕೇಲ್ ಇಲ್ಲಿ ಕೆಲಸಕ್ಕೆ ಬಾರದು. ಬಾಗುವ ಪ್ಲಾಸ್ಟಿಕ್ ಪಟ್ಟಿಯನ್ನು ಮರಕ್ಕೆ ಒತ್ತಿ, ಎಳೆಯದೆ, ತಿರುಚದೆ ಹಿಡಿದರೆ ಅದು ತಾನಾಗಿ ಹೋಗುವ ದಾರಿಯೇ ನೆಟ್ಟಗಿನ ದಾರಿ. ಆಮೇಲೆ ಸ್ಪೇಸರ್‌ನಿಂದ ಒಂದು ದಿಕ್ಕಿನ ಗೆರೆಗಳನ್ನೆಲ್ಲ ಮುಗಿಸಿ. ಐದಾರು ಗೆರೆಗೊಮ್ಮೆ ಆ ಪಟ್ಟಿ ಇಟ್ಟು ನೋಡಲೇಬೇಕು. ಒಂದೊಂದು ಗೆರೆ 0.05 ಮಿಲಿಮೀಟರ್ ಮಾತ್ರ ಹೆಚ್ಚುಕಮ್ಮಿ ಆಯಿತು ಅಂದುಕೊಳ್ಳಿ. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ 30 ಗೆರೆ ಆದ ಮೇಲೆ ಅದು 1.5 ಮಿಲಿಮೀಟರ್, ಅಂದರೆ ಒಂದು ಇಡೀ ಗೆರೆಗಿಂತ ಜಾಸ್ತಿ. ಬಾಗಿದ್ದು ಕಂಡ ತಕ್ಷಣ ಸರಿಮಾಡಲು ಹೋಗಬೇಡಿ. ಒಂದೇ ಗೆರೆಯಲ್ಲಿ ಸರಿಮಾಡಿದರೆ ಅಲ್ಲೊಂದು ಮಚ್ಚೆ ಉಳಿಯುತ್ತದೆ. ಮುಂದಿನ ನಾಲ್ಕೈದು ಗೆರೆಗಳಲ್ಲಿ, ಒಂಟಿ ಹಲ್ಲನ್ನು ಒಂದು ಮಗ್ಗುಲಿಗೆ ಚೂರೇ ಒತ್ತಿ, ನಿಧಾನಕ್ಕೆ ದಾರಿಗೆ ತನ್ನಿ.

ಮೊದಲ ಸುತ್ತಿನಲ್ಲಿ ಆಳ ಬೇಡವೇ ಬೇಡ. ಗೆರೆ ಬರೀ ಗುರುತಿನ ಹಾಗಿರಲಿ. ಎರಡನೆಯ ದಿಕ್ಕೂ ಹಾಗೇ. ಈಗ ಇಡೀ ಜಾಗ ಚಪ್ಪಟೆ ತಲೆಯ ಹರಳುಗಳಿಂದ ತುಂಬಿರುತ್ತದೆ. ನಿಂತು ನೋಡಿ. ಕೆಟ್ಟಿದ್ದರೆ ಈಗಲೂ ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಶುರುಮಾಡಬಹುದು, ಆಳ ಮಾಡಿದ ಮೇಲೆ ಆಗುವುದಿಲ್ಲ. ನಂತರ ಒಂಟಿ ಹಲ್ಲಿನಿಂದ ಒಂದು ದಿಕ್ಕು ಒಂದು ಸುತ್ತು, ಇನ್ನೊಂದು ದಿಕ್ಕು ಒಂದು ಸುತ್ತು, ಹೀಗೆ ಬದಲಿಸುತ್ತಾ ಆಳ ಮಾಡಿ. ಒಂದೇ ದಿಕ್ಕನ್ನು ಪೂರ್ತಿ ಆಳ ಮಾಡಿಟ್ಟು ಆಮೇಲೆ ಇನ್ನೊಂದಕ್ಕೆ ಹೋದರೆ, ಉಳಿ ಅಡ್ಡಗೆರೆಗಳ ಮೇಲೆ ಕುಣಿಯುತ್ತದೆ, ಎಳೆ ಕೀಳುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಪುಡಿ ತೆಗೆಯುತ್ತಾ ಇರಿ. ತಲೆಯ ಮೇಲಿನ ಹೊಳೆಯುವ ಪಾಲಿಶ್ ಚುಕ್ಕಿ ಮಾಯವಾದಾಗ ಆ ಹರಳು ಚೂಪಾಯಿತು ಅಂತ ಅರ್ಥ. ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಒಂದು ಸುತ್ತು ಜಾಸ್ತಿ ಹೋದರೆ ಹರಳು ಗಿಡ್ಡವಾಗಿ, ಅಕ್ಕಪಕ್ಕದ್ದಕ್ಕಿಂತ ತಗ್ಗಾಗಿ ಹೊಂಡ ಬೀಳುತ್ತದೆ.

ಅಂಚಿನ ಕೊನೆಯ ಮೂರು ಮಿಲಿಮೀಟರನ್ನು ಅಂಚಿನ ಕಡೆಗೆ ಕೊಯ್ಯಬೇಡಿ. ಅಲ್ಲಿಂದ ಒಳಗೆ, ಬಾಗಿದ ಅರದಿಂದ ಗಿಡ್ಡ ಗಿಡ್ಡ ಎಳೆತದಲ್ಲಿ ಬನ್ನಿ. ಒಂದು ಹರಳು ಕಿತ್ತುಬಂದರೆ ಗಾಬರಿ ಬೇಡ. ಸಿಕ್ಕರೆ ಸೂಪರ್ ಗ್ಲೂನಲ್ಲಿ ಕೂರಿಸಿ. ಸಿಗದಿದ್ದರೆ ಅದೇ ಮರದ ಪುಡಿ ಮತ್ತು ಗ್ಲೂ ಹನಿ ಸೇರಿಸಿ ಗುಡ್ಡೆ ಮಾಡಿ, ಒಣಗಿದ ಮೇಲೆ ಮತ್ತೆ ಕೊಯ್ಯಿರಿ. ಒಂದೆರಡು ಆದರೆ ಯಾರಿಗೂ ಕಾಣುವುದಿಲ್ಲ. ದಿನಕ್ಕೆ ಎರಡು ತಾಸಿಗಿಂತ ಜಾಸ್ತಿ ಕೂರಬೇಡಿ, ಸುಸ್ತಾದ ಕೈ ಸುಸ್ತಾಗಿದೆ ಅಂತ ಹೇಳುವುದಿಲ್ಲ, ಜಾರಿ ತೋರಿಸುತ್ತದೆ.

ಕಾರ್ಖಾನೆಗಳಿಗೂ ಈ ಕೆಲಸದ ಕಷ್ಟ ಗೊತ್ತಿತ್ತು. 1964ರಲ್ಲಿ ಅಮೆರಿಕದ ವಿಂಚೆಸ್ಟರ್ ಕಂಪನಿಯವರು ತಮ್ಮ ಮಾಡೆಲ್ 70 ರೈಫಲನ್ನು ಅಗ್ಗವಾಗಿ ಮಾಡಲು ಬದಲಿಸಿದಾಗ, ಕೈಯಿಂದ ಕೊಯ್ಯುವ ಚೆಕರಿಂಗ್ ಬಿಟ್ಟು ಬಿಸಿ ಅಚ್ಚಿನಿಂದ ಒತ್ತಿದ ನಕ್ಷೆ ಹಾಕಿದರು. ಅದರಲ್ಲಿ ಹರಳು ಮೇಲೆದ್ದಿರಲಿಲ್ಲ, ಒಳಕ್ಕೆ ಹೂತಿತ್ತು. ಕೊಳ್ಳುವವರು ಬೈದದ್ದು ಬರೀ ಅದಕ್ಕಲ್ಲ, ಬೇರೆ ಬದಲಾವಣೆಗಳೂ ಇದ್ದವು, ಆದರೆ ಕಣ್ಣಿಗೆ ಮೊದಲು ಹೊಡೆದದ್ದು ಆ ಅಚ್ಚು. ಈಗ ಲೇಸರ್ ಮತ್ತು ಕಂಪ್ಯೂಟರ್ ಯಂತ್ರ ಗೆರೆಯನ್ನು ತಪ್ಪಿಲ್ಲದೆ ಕೊಯ್ಯುತ್ತವೆ. ಒಳ್ಳೆಯದೇ. ಕೈ ಕೆಲಸದ್ದನ್ನು ಅದರ ಪಕ್ಕ ಇಟ್ಟರೆ ವ್ಯತ್ಯಾಸ ಗೊತ್ತಾಗುವುದು ನಕ್ಷೆ ಹಿಡಿಯ ತಿರುವಿನ ಜೊತೆ ಹೇಗೆ ತಿರುಗಿದೆ ಅನ್ನುವುದರಲ್ಲಿ.

ಇನ್ನು ಎಲೆ-ಬಳ್ಳಿ. ಆಸೆ ಸಹಜ, ಕೆತ್ತನೆ ಬರುತ್ತದೆ ಅಂದ ಮೇಲೆ ಕೈ ಸುಮ್ಮನಿರುವುದಿಲ್ಲ. ಇದಕ್ಕೆ ದೊಡ್ಡ ಪರಂಪರೆಯೇ ಇದೆ. 17ನೆಯ ಶತಮಾನದಲ್ಲಿ ಮಧ್ಯ ಯುರೋಪಿನ ಸೈಲೀಷಿಯಾ ಪ್ರಾಂತ್ಯದ ಚಿಯೆಶಿನ್ ಊರಿನ ಸುತ್ತ ಮಾಡುತ್ತಿದ್ದ ಚಿಂಕೆ ಅನ್ನುವ ಸಣ್ಣ ಬೇಟೆ ಬಂದೂಕುಗಳಲ್ಲಿ ಮರವೇ ಕಾಣದಷ್ಟು ಮೂಳೆ, ಕೊಂಬು, ಮುತ್ತಿನ ಚಿಪ್ಪು ಕೂರಿಸಿರುತ್ತಿದ್ದರು. 18ನೆಯ ಶತಮಾನದ ಪೆನ್ಸಿಲ್ವೇನಿಯಾದ ಉದ್ದ ರೈಫಲ್‌ಗಳಲ್ಲಿ ಮೇಪಲ್ ಮರ, ಹಿತ್ತಾಳೆಯ ಮುಚ್ಚಳದ ಸಣ್ಣ ಪೆಟ್ಟಿಗೆ, ಕೆನ್ನೆಪಟ್ಟಿಯ (ಕೆನ್ನೆ ಒರಗಲು ಬಟ್‌ನ ಬದಿಯಲ್ಲಿ ಉಬ್ಬಿಸಿದ ಭಾಗ) ಹಿಂದೆ ಸುರುಳಿ ಬಳ್ಳಿಯ ಉಬ್ಬು ಕೆತ್ತನೆ. ಆ ಮೇಪಲ್‌ಗೆ ಕಬ್ಬಿಣ ಕರಗಿಸಿದ ನೈಟ್ರಿಕ್ ಆಮ್ಲ ಬಳಿದು ಬಿಸಿ ತಾಗಿಸಿದರೆ ಹಸಿರು ಛಾಯೆ ಹೋಗಿ ಕೆಂಪು ಕಂದು ಬಣ್ಣ ಏಳುತ್ತದೆ. ನೋಡಲು ಮಾಯೆಯ ಹಾಗೆ, ಮನೆಯಲ್ಲಿ ಪ್ರಯತ್ನಿಸಬೇಡಿ. ಆ ಹಳಬರ ಉಬ್ಬು ಕೆತ್ತನೆ ಎಷ್ಟು ತೆಳ್ಳಗಿರುತ್ತದೆ ಗೊತ್ತಾ? ಒಂದು ಮಿಲಿಮೀಟರ್ ಇದ್ದರೆ ಹೆಚ್ಚು. ನೆರಳಿನಿಂದ ಕಾಣುತ್ತದೆ, ಆಳದಿಂದಲ್ಲ. ಪೆಟ್ಟಿಗೆಯ ಮೇಲೆ ಕೆತ್ತಿ ಅಭ್ಯಾಸ ಇರುವವರು ಇಲ್ಲಿ ಮೂರು ನಾಲ್ಕು ಮಿಲಿಮೀಟರ್ ಇಳಿದುಬಿಡುತ್ತಾರೆ, ಸ್ಟಾಕ್ ಬಾಗಿಲ ಚೌಕಟ್ಟಿನ ಹಾಗೆ ಕಾಣುತ್ತದೆ. ಕೆನ್ನೆ ತಾಗುವ ಜಾಗದಲ್ಲಂತೂ ಉಬ್ಬು ಕೆತ್ತನೆ ಬೇಡ. ಒಂದು ಗುಂಡು ಹಾರಿಸಿದ ಮೇಲೆ ನಿಮ್ಮ ಗೆಳೆಯರ ಕೆನ್ನೆಯ ಮೇಲೆ ಎಲೆಯ ಅಚ್ಚು ಮೂಡುತ್ತದೆ.

ಬಟ್ ಮೇಲೆ ಜಿಂಕೆ ಮುಖ ಕೆತ್ತುವ ಬಗ್ಗೆ ನೀವು ಕೇಳಿಲ್ಲ, ಪುಣ್ಯ.

ಕೆತ್ತಲೇಬೇಕು ಅನಿಸಿದರೆ ಇದಕ್ಕಿಂತ ಒಳ್ಳೆಯ ಜಾಗ ಒಂದಿದೆ: ಕೆನ್ನೆಪಟ್ಟಿಯ ಸುತ್ತಲಿನ ಅಂಚು. ಕೆನ್ನೆಪಟ್ಟಿ ಬಟ್‌ನಿಂದ ಮೇಲೇಳುವಲ್ಲಿ ಒಂದು ಸಣ್ಣ ಮೆಟ್ಟಿಲಿನಂಥ ಗೆರೆ ಇಟ್ಟರೆ ಅದು ನೆರಳು ಬೀಳಿಸುತ್ತದೆ. ಒಂದೇ ಅಗಲದಲ್ಲಿ ಸುತ್ತಿ ಬಂದು, ಮುಂದೆ ಹಿಡಿಯ ಕಡೆ ಕರಗಿಹೋಗಬೇಕು. ನೋಡುವವರಿಗೆ ಏನೂ ಇಲ್ಲದ ಹಾಗೆ ಕಾಣುತ್ತದೆ. ಮಾಡಿದವರಿಗೆ ಗೊತ್ತು ಅದಕ್ಕೆ ಎಷ್ಟು ಸಂಜೆ ಹಿಡಿಯಿತು ಅಂತ. ಸ್ಟಾಕ್ ಬಲ್ಲವರು ಮೊದಲು ನೋಡುವುದೂ ಅದನ್ನೇ.

ಬೆಳ್ಳಿ ತಂತಿಯನ್ನು ಮಾತ್ರ ಕಲಿತುಕೊಳ್ಳಿ, ಚಂದದ ಕೆಲಸ. ದುಂಡು ತಂತಿ ಅಲ್ಲ, ಚಪ್ಪಟೆ ಪಟ್ಟಿ ಬೇಕು. ದಪ್ಪ ಸುಮಾರು 0.3 ಮಿಲಿಮೀಟರ್, ಅಗಲ ಒಂದೂವರೆ ಎರಡು. ಮರವನ್ನು ಕೊರೆದು ತೆಗೆಯುವುದಿಲ್ಲ, ಹ್ಯಾಕ್ಸಾ ಬ್ಲೇಡಿನ ತುಂಡನ್ನು ಸಾಣೆ ಹಿಡಿದು ಮಾಡಿದ ತೆಳು ಉಳಿಯಿಂದ ಗೆರೆಯ ಗುಂಟ ಚುಚ್ಚುತ್ತಾ ಸೀಳು ಮಾಡುವುದು, ಅಷ್ಟೇ. ಪಟ್ಟಿಯ ಎರಡೂ ಮೈಯನ್ನು ಅರದಿಂದ ಒರಟು ಮಾಡಿ, ಸೀಳಿನಲ್ಲಿ ನಿಲ್ಲಿಸಿ, ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಇಳಿಸಿ. ಸ್ವಲ್ಪ ಮೇಲೆ ಉಳಿಯಲಿ. ಆಮೇಲೆ ಬೆಚ್ಚಗಿನ ನೀರು ಸವರಿ. ಎಳೆಗಳು ಪಕ್ಕಕ್ಕೆ ಒತ್ತಿಹೋಗಿದ್ದವಲ್ಲ, ನೀರು ಕುಡಿದು ಉಬ್ಬಿ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಅಂಟೂ ಬೇಡ. ಒಣಗಿದ ಮೇಲೆ ಮೇಲುಳಿದದ್ದನ್ನು ಅರದಿಂದ ಸಮ ಮಾಡಿ. ಇದು ಪಾಲಿಶ್‌ಗೂ ಮುಂಚಿನ ಕೆಲಸ, ನೆನಪಿರಲಿ. ಅಭ್ಯಾಸ ಉಳಿದ ತುಂಡಿನ ಮೇಲೆ. ನೆಟ್ಟಗಿನ ಗೆರೆಗಿಂತ ಸುರುಳಿ ಸುಲಭ, ನೆಟ್ಟಗಿನದರಲ್ಲಿ ಚೂರು ನಡುಗಿದರೂ ಕಾಣುತ್ತದೆ.

ಗೆಳೆಯರಿಗೆ ಏನಾದರೂ ಬೆಳ್ಳಿ ಬೇಕೇ ಬೇಕು ಅಂದರೆ ಕೆಳ ಅಂಚಿನಲ್ಲಿ, ಹಿಡಿಗೂ ಬಟ್‌ಗೂ ನಡುವೆ, ಹೆಸರಿನ ಮೊದಲಕ್ಷರ ಬರೆಸಲು ಒಂದು ಪುಟ್ಟ ಮೊಟ್ಟೆಯಾಕಾರದ ಬಿಲ್ಲೆ ಕೂರಿಸಿ. ಬಿಲ್ಲೆಯ ಅಂಚನ್ನು ಒಳಕ್ಕೆ ಸ್ವಲ್ಪ ಇಳಿಜಾರು ಮಾಡಿ, ಸುತ್ತ ಚೂಪು ಚಾಕುವಿನಿಂದ ಗುರುತು ಹಾಕಿ, ಗುರುತಿನೊಳಗೇ ನಿಂತು ಮರ ತೆಗೆಯಿರಿ. ತಳಕ್ಕೆ ದೀಪದ ಮಸಿ ಹಚ್ಚಿ ಒತ್ತಿ, ಎತ್ತಿ ನೋಡಿ. ಕಪ್ಪು ಅಂಟಿದಲ್ಲಿ ಮಾತ್ರ ಕೆರೆಯಿರಿ. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆರೆತ. ನಳಿಗೆ ಕೂರಿಸುವಾಗ ಇದನ್ನೇ ಮಾಡಿದ್ದೀರಿ ಅಂದುಕೊಂಡಿದ್ದೇನೆ. ಹಿಡಿಯ ಕೆಳತುದಿಗೆ ಉಕ್ಕಿನ ಟೋಪಿ ಹಾಕುವುದಾದರೂ ಇದೇ ವಿಧಾನ. ನಡುವೆ ಖಾಲಿ ಬಿಟ್ಟು ಬರೀ ಚೌಕಟ್ಟಿನಂತಿರುವ ಬಟ್ ಪ್ಲೇಟ್, ಅಂದರೆ ಬಟ್‌ನ ಹಿಂತುದಿಗೆ ಹಾಕುವ ಲೋಹದ ತಗಡು, ನೋಡಿರಬಹುದು, ಒಳಗಿನ ಮರಕ್ಕೂ ಚೆಕರಿಂಗ್ ಮಾಡಿರುತ್ತಾರೆ. ಅದರಲ್ಲಿ ಒಳ ಅಂಚು, ಹೊರ ಅಂಚು, ಬಾಗು ಮೂರೂ ಒಟ್ಟಿಗೆ ಕೂರಬೇಕು. ಐದಾರು ಸ್ಟಾಕ್ ಆಗಲಿ, ಆಮೇಲೆ ಮಾತಾಡೋಣ.

ಹಾಗಾದರೆ ನಿಮ್ಮ ಸ್ಟಾಕ್‌ಗೆ ನನ್ನ ಲೆಕ್ಕ ಇಷ್ಟು: ಈಗ ಆಕಾರ ತಿದ್ದಿ, ಬೇಕಿದ್ದರೆ ಬಿಲ್ಲೆ ಕೂರಿಸಿ, ಎಣ್ಣೆ ಮುಗಿಸಿ. ಎಣ್ಣೆ ಒಣಗುವ ವಾರಗಳಲ್ಲಿ ಉಳಿದ ತುಂಡುಗಳ ಮೇಲೆ ಗೆರೆ ಎಳೆದು ಕಲಿಯಿರಿ. ಮೊದಲು ಚಪ್ಪಟೆ ತುಂಡು, ಆಮೇಲೆ ದುಂಡಗೆ ಮಾಡಿದ್ದು. ಮುರಿದ ಹಳೆಯ ಸ್ಟಾಕ್ ಸಿಕ್ಕರೆ ಇನ್ನೂ ಒಳ್ಳೆಯದು. ಮೂರು ಪ್ಯಾನೆಲ್ ನೋಡುವ ಹಾಗೆ ಬಂದ ಮೇಲೆ ನಿಜವಾದದ್ದಕ್ಕೆ ಕೈ ಹಾಕಿ. ಅದರಲ್ಲೂ ಮುಂಭಾಗದಿಂದ ಶುರುಮಾಡಿ, ಹಿಡಿ ಆಮೇಲೆ. ಮುಂಭಾಗ ಒಂದೇ ಕಡೆ ದುಂಡು, ಹಿಡಿಯ ಹಾಗೆ ಎರಡು ಕಡೆಗೆ ಬಾಗಿರುವುದಿಲ್ಲ. ಚೆಕರಿಂಗ್ ಮಾಡುವಾಗ ರೈಫಲ್‌ನ ಲೋಹದ ಭಾಗ ಗೆಳೆಯರ ಹತ್ತಿರವೇ ಇರಲಿ, ನಿಮಗೆ ಬೇಕಾದದ್ದು ಮರ ಮಾತ್ರ.

ಚೆಕರಿಂಗ್ ಮುಗಿದ ಮೇಲೆ ಆ ಹಸಿ ಗೆರೆಗಳಿಗೆ ತೆಳು ಮಾಡಿದ ಎಣ್ಣೆಯನ್ನು ಬ್ರಷ್‌ನಲ್ಲಿ ಎರಡು ಸಲ ತಟ್ಟಿ, ಹತ್ತು ನಿಮಿಷದಲ್ಲಿ ಒಣ ಬ್ರಷ್‌ನಿಂದ ಪೂರ್ತಿ ಎಳೆದು ತೆಗೆಯಿರಿ, ತಳದಲ್ಲಿ ನಿಲ್ಲಬಾರದು. ಗೆರೆ ಹಾಕಿದ ಜಾಗ ಸುತ್ತಲಿನದಕ್ಕಿಂತ ಗಾಢ ಆಗುತ್ತದೆ, ಅದು ಸರಿಯೇ. ಒಂದು ಮುಖ್ಯ ವಿಷಯ, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಹುಟ್ಟುವ ಬಿಸಿ ಮುದ್ದೆಯೊಳಗೆ ಸಿಕ್ಕಿಕೊಂಡು ಬಟ್ಟೆ ತಾನಾಗೇ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಒಂದೊಂದಾಗಿ ಹರವಿ ಒಣಗಿಸಿ.